ಹೃದಯದ ಮೇಲಿನ ಕೊಬ್ಬು: ಎಕೋ ಕೋಣೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ಎಕೋ, ಅಂದರೆ ಶಬ್ದ ತರಂಗದಿಂದ ಹೃದಯದ ಚಿತ್ರ, ತೆಗೆಯುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ, ಟೆಕ್ನೀಷಿಯನ್. ರಿಪೋರ್ಟಿಗೆ ಸಹಿ ಹಾಕುವವರು, ಗುಳಿಗೆ ಬರೆಯುವವರು ಹೃದ್ರೋಗ ತಜ್ಞರು. ಆದರೆ ಮಂದ ಬೆಳಕಿನ ಕೋಣೆ, ಎದೆ ಮೇಲೆ ತಣ್ಣನೆ ಜೆಲ್, ಪಕ್ಕದಲ್ಲಿ ಡಾಕ್ಟರ್ ಇಲ್ಲ ಅಂದಾಗ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಒಳಗೆ ಕೇಳಲು ಹಿಂಜರಿದದ್ದನ್ನೆಲ್ಲ ನನ್ನ ಹತ್ತಿರ ಕೇಳುತ್ತಾರೆ. ಜಮಖಂಡಿ, ಮುಧೋಳ, ಹುನಗುಂದದವರಿರಲಿ, ವಿಜಯಪುರ, ಬೆಳಗಾವಿ ಕಡೆಯವರಿರಲಿ, ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದರಲ್ಲೂ ಹೊಟ್ಟೆ, ತೂಕ, ಕೊಬ್ಬಿನ ಬಗ್ಗೆ ಜಾಸ್ತಿ. ಉತ್ತರಗಳನ್ನು ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದನ್ನು ಓದಿ ಯಾರೂ ಗುಳಿಗೆ ಬಿಡಬೇಡಿ, ಹೊಸದು ಶುರು ಮಾಡಲೂಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

"ಮೇಡಮ್, ಹೃದಯದ ಮ್ಯಾಲೆ ಖರೇನ ಕೊಬ್ಬು ಕೂಡತೈತೇನ್ರಿ?"

ಖರೇನೇ. ಎಲ್ಲರಿಗೂ ಇರುತ್ತದೆ, ಸಣಕಲು ಮೈಯವರಿಗೂ. ಹೃದಯದ ಸ್ನಾಯುವಿನ ಮೇಲೆ, ಅದನ್ನು ಮುಚ್ಚಿರುವ ಚೀಲದ ಒಳಗೆ, ಹಳದಿ ಕೊಬ್ಬಿನ ಒಂದು ಪದರ ಇರುತ್ತದೆ. ಎಪಿಕಾರ್ಡಿಯಲ್ ಫ್ಯಾಟ್ ಅಂತ ಅದರ ಹೆಸರು. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳು ಈ ಕೊಬ್ಬಿನೊಳಗಿಂದಲೇ ಹಾದುಹೋಗುತ್ತವೆ. ಪ್ರತಿ ಬಡಿತಕ್ಕೂ ಅವಕ್ಕೆ ಪೆಟ್ಟಾಗದಂತೆ ಈ ಪದರ ಕಾಯುತ್ತದೆ. ಹೃದಯ ಸುಡುವ ಇಂಧನದಲ್ಲಿ ದೊಡ್ಡ ಪಾಲು ಕೊಬ್ಬಿನ ಆಮ್ಲಗಳೇ. ಅದರ ಒಂದಿಷ್ಟು ದಾಸ್ತಾನೂ ಇಲ್ಲೇ. ಅಂದರೆ ಇದು ಬೇಕಾದದ್ದೇ.

ತೊಂದರೆ ಶುರುವಾಗುವುದು ಪದರ ದಪ್ಪವಾದಾಗ. ಮೈಯ ಬೇರೆ ಕಡೆ ಕೊಬ್ಬಿಗೂ ಸ್ನಾಯುವಿಗೂ ನಡುವೆ ತೆಳು ಪರದೆ ಇರುತ್ತದೆ. ಇಲ್ಲಿ ಅದಿಲ್ಲ. ಎರಡಕ್ಕೂ ರಕ್ತ ಬರುವುದೂ ಅವೇ ಸಣ್ಣ ನಾಳಗಳಿಂದ. ಕೊಬ್ಬು ಬೆಳೆದಂತೆ ಅದರ ಸ್ವಭಾವ ಕೆಡುತ್ತದೆ, ಉರಿಯೂತ ತರುವ ರಾಸಾಯನಿಕಗಳನ್ನು ಬಿಡಲು ಶುರು ಮಾಡುತ್ತದೆ. ಅವು ನೇರವಾಗಿ ಪಕ್ಕದ ಸ್ನಾಯುವಿಗೂ ನಾಳಕ್ಕೂ ಇಳಿಯುತ್ತವೆ. ತೊಡೆಯ ಕೊಬ್ಬಿಗಿಂತ ಹೃದಯದ ಮೇಲಿನ ಕೊಬ್ಬು ಅಪಾಯ ಅನ್ನುವುದು ಇದಕ್ಕೇ.

ಪರದೆ ಮೇಲೆ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ನಿಮ್ಮನ್ನು ಎಡ ಮಗ್ಗುಲಿಗೆ ಮಲಗಿಸಿ, ಎಡಗೈ ತಲೆ ಕೆಳಗೆ ಇಡಿಸಿ, ಎದೆಮೂಳೆಯ ಎಡಕ್ಕೆ ಪ್ರೋಬ್ (ತರಂಗ ಬಿಡುವ ಕೈಸಾಧನ) ಇಡುತ್ತೇನೆ. ಪರದೆಯ ಮೇಲ್ಭಾಗದಲ್ಲಿ ಬಲ ಕುಹರ, ಅಂದರೆ ಹೃದಯದ ಬಲಗಡೆಯ ಕೆಳಕೋಣೆ, ಕಾಣುತ್ತದೆ. ಅದರ ಗೋಡೆಯ ಮೇಲೆಯೇ ಒಂದು ಕಪ್ಪನೆ ಪಟ್ಟಿ. ಕೆಲವರಲ್ಲಿ ಅದು 2-3 ಮಿಲಿಮೀಟರ್, ಕೂದಲೆಳೆ ಹಾಗೆ ಕಂಡೂ ಕಾಣದಂತೆ. ಹೊಟ್ಟೆ ದೊಡ್ಡದಿರುವ ಕೆಲವರಲ್ಲಿ 8-10 ಮಿಲಿಮೀಟರ್. ಹೊಸದಾಗಿ ಕಲಿಯುವವರು ಇದನ್ನು ನೀರು ತುಂಬಿದೆ ಅಂದುಕೊಳ್ಳುವುದುಂಟು. ಸರಿಯಾಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನೀರು ಅಪ್ಪಟ ಕಪ್ಪು. ಕೊಬ್ಬಿನಲ್ಲಿ ಬಿಳಿ ಚುಕ್ಕಿಗಳಿರುತ್ತವೆ, ಮತ್ತು ಅದು ಹೃದಯದ ಜೊತೆಗೇ ಕುಣಿಯುತ್ತದೆ.

ಎಲ್ಲ ಎಕೋ ರಿಪೋರ್ಟಿನಲ್ಲೂ ಈ ಅಳತೆ ಬರೆಯುವುದಿಲ್ಲ. ನಿಖರವಾಗಿ ಎಷ್ಟಿದೆ ಅಂತ ಬೇಕಿದ್ದರೆ ಸಿಟಿ ಅಥವಾ ಎಂಆರ್‌ಐ ಬೇಕು. ಬರೀ ಇದಕ್ಕೋಸ್ಕರ ಅಷ್ಟು ದುಡ್ಡು ಖರ್ಚು ಮಾಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾದರೆ 'ಬ್ಲಾಕ್' ಅಂದರೆ ಇದೇನಾ?

ಅಲ್ಲ. ಮೂರು ಬೇರೆ ಬೇರೆ ಜಾಗಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಹೃದಯದ ಹೊರಗೆ ಕೂರುವ ಕೊಬ್ಬು ಒಂದು. ಕೊರೊನರಿ ನಾಳದ ಗೋಡೆಯಲ್ಲಿ ಕೊಲೆಸ್ಟ್ರಾಲ್ ಸೇರಿ ದಾರಿ ಕಿರಿದಾಗುವುದು ಇನ್ನೊಂದು, ಅದೇ ಬ್ಲಾಕ್. ಅದಕ್ಕೆ ಆಂಜಿಯೋಗ್ರಾಮ್, ಸ್ಟೆಂಟ್, ಬೈಪಾಸ್ ಎಲ್ಲ. ಮೂರನೆಯದು ಹೃದಯದ ಸ್ನಾಯುವಿನ ಕೋಶಗಳ ಒಳಗೇ ಕೊಬ್ಬಿನ ಹನಿಗಳು ಸೇರುವುದು. ಸುಡುವುದಕ್ಕಿಂತ ಜಾಸ್ತಿ ಕೊಬ್ಬು ಕೋಶಕ್ಕೆ ಬಂದು ಬೀಳುವುದರಿಂದ ಹೀಗಾಗುತ್ತದೆ, ಆಮೇಲೆ ಆ ಕೋಶವೇ ಸೊರಗುತ್ತದೆ. ಮೂರೂ ಒಬ್ಬರಲ್ಲೇ ಇರಬಹುದು, ಒಂದು ಇನ್ನೊಂದನ್ನು ಹೆಚ್ಚಿಸಲೂಬಹುದು. ಆದರೆ 'ಕೊಲೆಸ್ಟ್ರಾಲ್ ನಾರ್ಮಲ್ ಐತಿ, ನನಗ ಕೊಬ್ಬಿನ ಚಿಂತಿ ಇಲ್ಲ' ಅನ್ನುವ ಲೆಕ್ಕ ತಪ್ಪು. ರಕ್ತ ಪರೀಕ್ಷೆ ರಕ್ತದಲ್ಲಿ ಓಡಾಡುವ ಕೊಬ್ಬನ್ನು ತೋರಿಸುತ್ತದೆ. ಹೊಟ್ಟೆಯಲ್ಲಿ, ಲಿವರಿನಲ್ಲಿ, ಹೃದಯದ ಮೇಲೆ ಕೂತದ್ದನ್ನಲ್ಲ.

ತೂಕ ಜಾಸ್ತಿಯಾದರೆ ಹೃದಯಕ್ಕೆ ಆಗುವುದಾದರೂ ಏನು?

ಮೈ ದೊಡ್ಡದಾದಂತೆ ಅದಕ್ಕೆ ರಕ್ತವೂ ಜಾಸ್ತಿ ಬೇಕು. ರಕ್ತದ ಒಟ್ಟು ಪ್ರಮಾಣ ಏರುತ್ತದೆ. ಹೃದಯ ದಿನಪೂರ್ತಿ, ನಿದ್ದೆಯಲ್ಲೂ, ಜಾಸ್ತಿ ಪಂಪ್ ಮಾಡುತ್ತದೆ. ಜೊತೆಗೆ ಬಿಪಿ ಏರುತ್ತದೆ. ವರ್ಷಗಟ್ಟಲೆ ಹೀಗೇ ದುಡಿದಾಗ ಎಡ ಕುಹರದ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ. ಬಿರುಸಾದ ಹೃದಯ ಹಿಂಡುವುದನ್ನು ಚೆನ್ನಾಗಿಯೇ ಮಾಡುತ್ತದೆ, ಆದರೆ ಸಡಿಲಗೊಂಡು ರಕ್ತ ತುಂಬಿಸಿಕೊಳ್ಳಲು ಕಷ್ಟಪಡುತ್ತದೆ. ತುಂಬದ ರಕ್ತ ಹಿಂದಕ್ಕೆ ಒತ್ತುತ್ತದೆ. ಮೊದಲು ಎಡ ಹೃತ್ಕರ್ಣ (ಮೇಲಿನ ಕೋಣೆ) ಹಿಗ್ಗುತ್ತದೆ, ಆಮೇಲೆ ಪುಪ್ಪಸದಲ್ಲಿ ಒತ್ತಡ. ಮೆಟ್ಟಿಲು ಹತ್ತುವಾಗ ದಮ್ಮು ಬರುವುದು ಇಲ್ಲಿಂದ.

ಹಿಗ್ಗಿದ ಹೃತ್ಕರ್ಣದಲ್ಲಿ ಇನ್ನೊಂದು ಕಾಟ, ಬಡಿತ ತಾಳ ತಪ್ಪುವುದು. ಏಟ್ರಿಯಲ್ ಫಿಬ್ರಿಲೇಷನ್ ಅನ್ನುತ್ತಾರೆ. ಹೃತ್ಕರ್ಣದ ಮೇಲಿನ ಕೊಬ್ಬು ಇದಕ್ಕೆ ಕೈಜೋಡಿಸುತ್ತದೆ. ತಾಳ ತಪ್ಪಿದಾಗ ಒಳಗೆ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಮೆದುಳಿಗೆ ಹೋದರೆ ಲಕ್ವಾ. ಎದೆ ಡವಡವ ಅನ್ನುವುದು ಆಗಾಗ ಬರುತ್ತಿದ್ದರೆ 'ಟೆನ್ಷನ್' ಅಂತ ಬಿಡಬೇಡಿ. ಬಂದಿರುವಾಗಲೇ ಒಂದು ಇಸಿಜಿ ತೆಗೆಸಿ. ನಿಂತ ಮೇಲೆ ತೆಗೆಸಿದರೆ ಏನೂ ಸಿಗದೇ ಇರಬಹುದು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಸುಮಾರು 5,900 ಜನರನ್ನು ಸರಾಸರಿ 14 ವರ್ಷ ಗಮನಿಸಿ 2002ರಲ್ಲಿ ಒಂದು ಲೆಕ್ಕ ಕೊಟ್ಟರು. ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಅಂಕ) ಒಂದು ಅಂಕ ಏರಿದರೆ ಹಾರ್ಟ್ ಫೇಲ್ಯೂರ್, ಅಂದರೆ ಮೈಗೆ ಬೇಕಾದಷ್ಟು ರಕ್ತ ಒದಗಿಸಲು ಹೃದಯ ಸೋಲುವ ಸ್ಥಿತಿ, ಅದರ ಅಪಾಯ ಗಂಡಸರಲ್ಲಿ ಶೇ 5, ಹೆಂಗಸರಲ್ಲಿ ಶೇ 7 ಏರುತ್ತದೆ. ಐದೂವರೆ ಅಡಿಯ ಮನುಷ್ಯನಿಗೆ ಒಂದು ಅಂಕ ಅಂದರೆ ಹತ್ತಿರ ಹತ್ತಿರ 3 ಕಿಲೋ. ಮದುವೆ ಸೀಸನ್ನಿನಲ್ಲಿ ನಮ್ಮ ಕಡೆ ಸುಲಭವಾಗಿ ಏರುವ ತೂಕ ಅದು.

ರಿಪೋರ್ಟಿನಲ್ಲಿ 'ಇಎಫ್ 60 ಪರ್ಸೆಂಟ್' ಅಂತ ಇದೆ. ಹೃದಯ 40 ಪರ್ಸೆಂಟ್ ಕೆಟ್ಟಿದೆಯಾ?

ಈ ಪ್ರಶ್ನೆ ಕೇಳದ ದಿನವೇ ಇಲ್ಲ. ಒಬ್ಬ ಕಾಕಾ ರಿಪೋರ್ಟ್ ಹಿಡಿದು ಹೊರಗೆ ಬೆಂಚಿನ ಮೇಲೆ ಅಳುತ್ತಾ ಕೂತಿದ್ದರು. ಮಗ ನೂರಕ್ಕೆ ಅರವತ್ತೇ ಬಂದಿದೆ ಅಂತ ಓದಿ ಹೇಳಿದ್ದ.

ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ. ಎಡ ಕುಹರದಲ್ಲಿ 100 ಮಿಲಿಲೀಟರ್ ರಕ್ತ ತುಂಬಿದ್ದರೆ ಒಂದು ಬಡಿತಕ್ಕೆ 60 ಹೊರಗೆ ಹೋಯಿತು ಅಂತ ಅರ್ಥ. ಯಾರ ಹೃದಯವೂ ನೂರಕ್ಕೆ ನೂರು ಖಾಲಿಯಾಗುವುದಿಲ್ಲ. 55ರಿಂದ 70ರ ಒಳಗೆ ಇದ್ದರೆ ಪಂಪಿಂಗ್ ಸರಿ ಇದೆ. 40ಕ್ಕಿಂತ ಕೆಳಗೆ ಇಳಿದರೆ ಅದು ನಿಜವಾದ ಚಿಂತೆಯ ವಿಷಯ.

ಇಎಫ್ ಸರಿ ಇದೆ, ಆದರೂ ದಮ್ಮು ಬರುತ್ತದೆ. ಯಾಕೆ?

ದಪ್ಪ ಮೈಯವರಲ್ಲಿ ಇದೇ ಮುಖ್ಯ ಪ್ರಶ್ನೆ, ಮತ್ತು ಜಾಸ್ತಿ ತಪ್ಪಿಹೋಗುವುದೂ ಇಲ್ಲೇ. ಪಂಪಿಂಗ್ ಚೆನ್ನಾಗಿದ್ದೂ ಹಾರ್ಟ್ ಫೇಲ್ಯೂರ್ ಇರಬಹುದು. ಮೇಲೆ ಹೇಳಿದ ಹಾಗೆ ಹೃದಯ ಬಿರುಸಾಗಿ ಸರಿಯಾಗಿ ತುಂಬುವುದಿಲ್ಲ. ರಿಪೋರ್ಟಿನಲ್ಲಿ 'ಡಯಾಸ್ಟೋಲಿಕ್ ಡಿಸ್‌ಫಂಕ್ಷನ್' ಅಂತ ಒಂದು ಸಾಲು ಇರುತ್ತದೆ. ಗ್ರೇಡ್ 1 ಇದ್ದರೆ ಗಾಬರಿ ಬೇಡ. ವಯಸ್ಸಾದವರಲ್ಲಿ, ಬಿಪಿ ಇದ್ದವರಲ್ಲಿ ಅದು ತುಂಬಾ ಸಾಮಾನ್ಯ. ಗ್ರೇಡ್ 2, 3 ಇದ್ದು, ಹೃತ್ಕರ್ಣ ಹಿಗ್ಗಿ, ಸಂಜೆ ಹೊತ್ತಿಗೆ ಪಾದ ಬಾವು ಬಂದು, ರಾತ್ರಿ ಎರಡು ದಿಂಬು ಬೇಕಾಗುತ್ತಿದ್ದರೆ ಡಾಕ್ಟರಿಗೆ ಒಂದನ್ನೂ ಬಿಡದೆ ಹೇಳಿ.

ಎಷ್ಟೋ ಜನ 'ದಪ್ಪ ಇದ್ದೇನೆ, ಅದಕ್ಕೇ ದಮ್ಮು' ಅಂತ ತಾವೇ ತೀರ್ಪು ಕೊಟ್ಟುಕೊಂಡು ಎರಡು ಮೂರು ವರ್ಷ ಕಳೆದಿರುತ್ತಾರೆ. ಹೋದ ವರ್ಷ ಗೋಳಗುಮ್ಮಟದ ಮೆಟ್ಟಿಲು ಹತ್ತಿದವರು ಈ ವರ್ಷ ಅರ್ಧಕ್ಕೇ ಕೂತರೆ, ಆ ವ್ಯತ್ಯಾಸ ಮುಖ್ಯ. ಇನ್ನೊಂದು ವಿಷಯ ತಿಳಿದಿರಲಿ. ಹಾರ್ಟ್ ಫೇಲ್ಯೂರ್ ಪತ್ತೆಗೆ ಬಿಎನ್‌ಪಿ ಅಂತ ರಕ್ತ ಪರೀಕ್ಷೆ ಮಾಡುತ್ತಾರೆ. ಬೊಜ್ಜು ಇದ್ದವರಲ್ಲಿ ಅದು ಇರಬೇಕಾದ್ದಕ್ಕಿಂತ ಕಡಿಮೆ ತೋರಿಸುತ್ತದೆ. ರಿಪೋರ್ಟ್ ನಾರ್ಮಲ್ ಬಂತು ಅಂತ ಕೈಬಿಡುವ ಹಾಗಿಲ್ಲ.

ಮತ್ತೆ 'ಪೂರ್ ಎಕೋ ವಿಂಡೋ' ಅಂತ ಬರೆದಿದ್ದರೆ ಅದು ಕಾಯಿಲೆಯಲ್ಲ. ಎದೆಯ ಮೇಲಿನ ಕೊಬ್ಬನ್ನು ದಾಟಿ ತರಂಗ ಸರಿಯಾಗಿ ಹೋಗಲಿಲ್ಲ, ಚಿತ್ರ ಮಸುಕಾಯಿತು ಅಂತ ಅಷ್ಟೆ. ನಾನು ಪ್ರೋಬ್ ಒತ್ತಿ ಹಿಡಿದಾಗ 'ನೋಯತೈತ್ರಿ' ಅನ್ನುತ್ತೀರಲ್ಲ, ಕಾರಣ ಅದೇ.

ನಾನು ದಪ್ಪ ಇಲ್ಲ. ಹೊಟ್ಟೆ ಮಾತ್ರ ಸ್ವಲ್ಪ ಮುಂದಿದೆ. ಅದಕ್ಕೇನು?

ಅದಕ್ಕೇ ಎಲ್ಲ. ಕೈಕಾಲು ಸಣ್ಣ, ಹೊಟ್ಟೆ ಮುಂದೆ. ನಮ್ಮ ಜನರ ಮೈಕಟ್ಟೇ ಇದು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐಯೂ 22.3. ಅಳೆದು ನೋಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನೋಡಲು ಇಬ್ಬರೂ ತೆಳ್ಳಗೇ. ಬೆಳಗಾವಿಯಿಂದ ಪುಣೆ ಎಷ್ಟು ದೂರ ಹೇಳಿ? ನಮ್ಮ ಕಥೆಯೂ ಅದೇ.

ಈ ಕಾರಣಕ್ಕೇ ನಮಗೆ ಅಳತೆಗೋಲು ಬೇರೆ. ಬೇರೆ ದೇಶಗಳಲ್ಲಿ ಬಿಎಂಐ 25 ದಾಟಿದರೆ ಜಾಸ್ತಿ ತೂಕ, 30 ದಾಟಿದರೆ ಬೊಜ್ಜು. ಭಾರತೀಯರಿಗೆ 23 ಮತ್ತು 25. 165 ಸೆಂಟಿಮೀಟರ್ ಎತ್ತರ, 72 ಕಿಲೋ ತೂಕ ಅಂದರೆ ಬಿಎಂಐ 26.4. ನಮ್ಮಲ್ಲಿ ಅಂಥವರನ್ನು 'ಗಟ್ಟಿಮುಟ್ಟಾಗಿದ್ದಾನೆ' ಅನ್ನುತ್ತೇವೆ ಅಲ್ವಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಜನ 25 ದಾಟಿದ್ದರು, ಗಂಡಸರೂ ಹೆಂಗಸರೂ ಹೆಚ್ಚು ಕಡಿಮೆ ಸಮ.

ಸೊಂಟ ಅಳೆಯುವುದು ಹೇಗೆ?

ಟೇಲರ್ ಟೇಪ್ ತಗೊಳ್ಳಿ. ಪಕ್ಕೆಲುಬಿನ ಕೊನೆ ಎಲ್ಲಿ, ಸೊಂಟದ ಮೂಳೆಯ ಮೇಲಂಚು ಎಲ್ಲಿ ಅಂತ ಬೆರಳಿನಿಂದ ಮುಟ್ಟಿ ನೋಡಿ. ಎರಡರ ನಡುವೆ ಟೇಪ್ ಸುತ್ತಿ. ಸಹಜವಾಗಿ ಉಸಿರು ಬಿಟ್ಟು ಓದಿ. ಹೊಟ್ಟೆ ಒಳಗೆ ಎಳೆಯುವ ಹಾಗಿಲ್ಲ, ಟೇಪ್ ನಿಮ್ಮದೇ, ನೋಡುವವರೂ ನೀವೇ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದನ್ನು ದಾಟಿದರೆ ಒಳಗಿನ ಕೊಬ್ಬು ಜಾಸ್ತಿಯಾಗಿದೆ ಅಂತ ಲೆಕ್ಕ. ನೆನಪಿಡಲು ಇನ್ನೂ ಸುಲಭದ್ದು ಬೇಕಾ? ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ಪ್ಯಾಂಟಿನ ಸೈಜ್ ಹೇಳಬೇಡಿ. '34 ರೀ' ಅನ್ನುವವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತಾರೆ. ಸರಿಯಾದ ಜಾಗದಲ್ಲಿ ಅಳೆದರೆ 40 ಇಂಚು. ಧೋತರದವರಿಗೂ ಸೀರೆಯವರಿಗೂ ಆ ಸೈಜೂ ಇಲ್ಲ, ಹೊಟ್ಟೆ ಬೆಳೆದದ್ದೇ ತಿಳಿಯುವುದಿಲ್ಲ.

ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ 'ಫ್ಯಾಟಿ ಲಿವರ್' ಅಂದರು. ಅದಕ್ಕೂ ಹೃದಯಕ್ಕೂ ಸಂಬಂಧ ಇದೆಯಾ?

ಇದೆ. ಲಿವರಿನಲ್ಲಿ ಕೊಬ್ಬು ಕೂತಿದೆ ಅಂದರೆ ಚರ್ಮದ ಕೆಳಗಿನ ಜಾಗ ಸಾಲದೆ ಅದು ಕೂರಬಾರದ ಕಡೆ ಕೂರಲು ಶುರು ಮಾಡಿದೆ. ಫ್ಯಾಟಿ ಲಿವರ್ ಇದ್ದವರು ಲಿವರ್ ಕೆಟ್ಟು ಸಾಯುವುದಕ್ಕಿಂತ ಹೃದಯದ ಕಾಯಿಲೆಯಿಂದ ಸಾಯುವುದೇ ಜಾಸ್ತಿ. 'ಗ್ರೇಡ್ 1 ಅಷ್ಟೇ, ಎಲ್ಲರಿಗೂ ಇರತೈತಿ' ಅಂತ ಸ್ಕ್ಯಾನ್ ಫೋಟೋವನ್ನು ಕಪಾಟಿಗೆ ಹಾಕಬೇಡಿ. ಶುಗರ್, ಬಿಪಿ, ಲಿಪಿಡ್ ಪ್ರೊಫೈಲ್ ಮೂರನ್ನೂ ನೋಡಿಸಿ.

ನಾವು ಜೋಳದ ರೊಟ್ಟಿ ತಿನ್ನುವ ಮಂದಿ. ನಮಗೂ ಬೊಜ್ಜು ಬರುತ್ತದೆಯಾ?

ರೊಟ್ಟಿಯ ಮೇಲೆ ನನ್ನ ತಕರಾರಿಲ್ಲ. ಜೋಳದಲ್ಲಿ ನಾರು ಚೆನ್ನಾಗಿದೆ, ರೊಟ್ಟಿ ಬಡಿಯಲು ಎಣ್ಣೆ ಬೇಕಿಲ್ಲ. ಸಜ್ಜೆಯೂ ಹಾಗೇ. ಮಡಕಿ ಕಾಳು, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೊಸರು ಸೇರಿದರೆ ಇದಕ್ಕಿಂತ ಒಳ್ಳೆಯ ಊಟ ಪೇಟೆಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಆದರೆ ಲೆಕ್ಕ ಬದಲಾಗಿದೆ. ಹೊಲದಲ್ಲಿ ಕುಂಟೆ ಹೊಡೆದು ಬಂದವನಿಗೆ ನಾಲ್ಕು ರೊಟ್ಟಿ ಬೇಕಿತ್ತು. ಅಂಗಡಿಯಲ್ಲಿ ಕೂತವನಿಗೂ ಅದೇ ನಾಲ್ಕು, ಮೇಲೆ ಅನ್ನ. ಒಂದು ರೊಟ್ಟಿಗೆ ಹಿಟ್ಟು 50-60 ಗ್ರಾಂ ಹಿಡಿದರೆ ಸುಮಾರು 200 ಕ್ಯಾಲೊರಿ. ಎರಡು ರೊಟ್ಟಿ ತಿಂದು ಪಲ್ಯ, ಕಾಳು ಜಾಸ್ತಿ ಹಾಕಿಕೊಂಡರೆ ಹೊಟ್ಟೆ ತುಂಬುತ್ತದೆ. ಅನ್ನ ಬೇಕೇ ಬೇಕೆಂದರೆ ಒಂದು ರೊಟ್ಟಿ ಬಿಡಿ.

ನಿಜವಾದ ಕಳ್ಳ ಎಣ್ಣೆ. ಮನೆಯಲ್ಲಿ ತಿಂಗಳಿಗೆ ಎಷ್ಟು ತರುತ್ತೀರಿ ಅಂತ ಕೇಳಿದರೆ 'ಐದು ಲೀಟರ್ ಕ್ಯಾನ್' ಅನ್ನುತ್ತಾರೆ. ಮನೆಯಲ್ಲಿ ನಾಲ್ಕು ಜನ. ಲೆಕ್ಕ ಹಾಕಿ. ಒಬ್ಬರಿಗೆ ದಿನಕ್ಕೆ 38 ಗ್ರಾಂ, ಅಂದರೆ ಸುಮಾರು 340 ಕ್ಯಾಲೊರಿ, ಬರೀ ಎಣ್ಣೆಯಿಂದ. ಹೊರಗಿನ ಮಿರ್ಚಿ ಇದರಲ್ಲಿ ಸೇರಿಲ್ಲ. ಎಣಗಾಯಿಯ ಮೇಲೆ ತೇಲುವ ಎಣ್ಣೆ, ಶೇಂಗಾ ಚಟ್ನಿ ಪುಡಿಯ ನಡುವೆ ಗುಂಡಿ ಮಾಡಿ ಸುರಿಯುವ ಎಣ್ಣೆ, ಇವನ್ನು ಯಾರೂ ಎಣಿಸುವುದಿಲ್ಲ. ಶೇಂಗಾ ಕೊಬ್ಬು ಕೆಟ್ಟದ್ದಲ್ಲ, ಆದರೆ ಅದರಲ್ಲೇ ಅರ್ಧದಷ್ಟು ಕೊಬ್ಬಿದೆ. ಮೇಲೆ ಮತ್ತೆ ಎಣ್ಣೆ ಯಾಕೆ? ಚಟ್ನಿಗೆ ಮೊಸರು ಕಲಸಿ ನೋಡಿ, ರೊಟ್ಟಿಗೆ ಅದು ಇನ್ನೂ ರುಚಿ. ಎಣ್ಣೆಯನ್ನು ಕ್ಯಾನಿನಿಂದ ನೇರ ಸುರಿಯುವುದು ಬಿಟ್ಟು ಚಮಚದಲ್ಲಿ ಹಾಕಿ. ಕ್ಯಾನ್ ತಿಂಗಳು ದಾಟಿ ಎರಡು ವಾರ ಬಂದರೆ ಗೆದ್ದ ಹಾಗೆ.

ಸಂಜೆ ಗಿರಮಿಟ್ ತಿನ್ನಿ, ಬೇಡ ಅನ್ನುವುದಿಲ್ಲ. ಜೊತೆಗೆ ಬರುವ ಮಿರ್ಚಿ ಭಜಿಯ ಬಗ್ಗೆಯೇ ನನ್ನ ಜಗಳ. ಬೆಳಿಗ್ಗೆಯಿಂದ ಕಾದು ಕಪ್ಪಾದ ಎಣ್ಣೆಯಲ್ಲಿ ಕರಿದದ್ದು ಅದು. ಎಣ್ಣೆ ಕಾದು ಕೆಟ್ಟಾಗ ಹುಟ್ಟುವ ಪೋಲಾರ್ ಕಾಂಪೌಂಡ್ ಶೇ 25 ದಾಟಿದ ಎಣ್ಣೆ ಬಳಸಬಾರದು ಅಂತ 2018ರಿಂದ ನಿಯಮವಿದೆ. ಬಾಣಲೆಯ ಮುಂದೆ ಅಳೆಯುವವರು ಯಾರು? ಬಣ್ಣ ನೋಡಿ ನೀವೇ ತೀರ್ಮಾನಿಸಿ.

ಕರದಂಟು ಪೌಷ್ಟಿಕ ಅಲ್ವಾ? ಅದರಲ್ಲಿ ಬೆಲ್ಲ ಇದೆ, ಸಕ್ಕರೆ ಅಲ್ಲ.

ಅಮೀನಗಡದವರೂ ಗೋಕಾಕದವರೂ ನನ್ನ ಮೇಲೆ ಸಿಟ್ಟಾಗಬಾರದು. ಬಾಣಂತಿಗೆ, ಗರಡಿಯಲ್ಲಿ ಬೆವರು ಸುರಿಸುವವನಿಗೆ ಕರದಂಟು ಒಳ್ಳೆಯ ತಿನಿಸು. ಅಂಟು, ಬದಾಮಿ, ಉತ್ತತ್ತಿ, ಒಣಕೊಬ್ಬರಿ, ತುಪ್ಪ, ಬೆಲ್ಲ. 100 ಗ್ರಾಂಗೆ 400 ಕ್ಯಾಲೊರಿಗೂ ಜಾಸ್ತಿ. ಟಿವಿ ನೋಡುತ್ತಾ ಕಾಲು ಕಿಲೋ ಡಬ್ಬಿ ಖಾಲಿಯಾದರೆ ಒಂದು ಹೊತ್ತಿನ ಊಟ ದಾಟಿದ ಲೆಕ್ಕ. ಒಂದು ಸಣ್ಣ ತುಂಡು ಸಾಕು.

ಬೆಲ್ಲದ ವಿಷಯಕ್ಕೆ ಬಂದರೆ, ಮಹಾಲಿಂಗಪುರದ ಬೆಲ್ಲವಾದರೂ ಗ್ರಾಂಗೆ ಸುಮಾರು 4 ಕ್ಯಾಲೊರಿಯೇ. ಸಕ್ಕರೆಯದ್ದೂ ಅಷ್ಟೇ. ಶುಗರ್ ಇದ್ದವರಿಗೆ ಎರಡೂ ಒಂದೇ. ಕುಂದಾ, ಶೇಂಗಾ ಹೋಳಿಗೆ ಬಗ್ಗೆ ಕೇಳಲೇಬೇಡಿ. ಹಬ್ಬಕ್ಕೆ ತಿನ್ನಿ, ಹಬ್ಬ ಮುಗಿಸಿ.

ಬಿಸಿನೀರಿಗೆ ಲಿಂಬೆ, ಜೇನು ಹಾಕಿ ಕುಡಿದರೆ ಹೃದಯದ ಕೊಬ್ಬು ಕರಗುತ್ತದಾ?

ಇಲ್ಲ. ಇಂಡಿ ಲಿಂಬೆಯಾದರೂ ಇಲ್ಲ. ಜೇನು ಸುಮ್ನೆ ಸಕ್ಕರೆ ಸೇರಿಸುತ್ತದೆ.

ಬೆಳಿಗ್ಗೆ ಅಡ್ಡಾಡುತ್ತೇನೆ. ಸಾಕಾ?

ಹೇಗೆ ಅಡ್ಡಾಡುತ್ತೀರಿ ಅನ್ನುವುದರ ಮೇಲೆ. ಬೆಳಗಾವಿಯ ವ್ಯಾಕ್ಸಿನ್ ಡಿಪೋ ಇರಲಿ, ಗೋಳಗುಮ್ಮಟದ ಅಂಗಳ ಇರಲಿ, ಗುಂಪಾಗಿ ರಾಜಕೀಯ ಮಾತಾಡುತ್ತಾ ಹೋಗಿ ಕೊನೆಗೆ ಚಹಾ, ಉಪ್ಪಿಟ್ಟು ಮುಗಿಸಿ ಬರುವುದನ್ನೂ ವಾಕಿಂಗ್ ಅನ್ನುತ್ತಾರೆ. ಮಾತಾಡಬಹುದು, ಹಾಡಲು ಆಗಬಾರದು, ಆ ವೇಗ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ.

ಹೃದಯದ ಮೇಲಿನ ಕೊಬ್ಬಿನ ಬಗ್ಗೆಯೇ ನೇರವಾಗಿ ನೋಡಿದ ಒಂದು ಪ್ರಯೋಗ ಡೆನ್ಮಾರ್ಕಿನಲ್ಲಿ ನಡೆಯಿತು, 2019ರಲ್ಲಿ ಪ್ರಕಟವಾಯಿತು. ಹೊಟ್ಟೆ ಬೊಜ್ಜಿನವರನ್ನು ಗುಂಪು ಮಾಡಿ ವಾರಕ್ಕೆ ಮೂರು ದಿನ, 45 ನಿಮಿಷ, 12 ವಾರ ವ್ಯಾಯಾಮ ಮಾಡಿಸಿದರು. ಒಂದು ಗುಂಪಿಗೆ ದಮ್ಮು ಕಟ್ಟುವ ಸೈಕಲ್ ಥರದ್ದು, ಇನ್ನೊಂದಕ್ಕೆ ಭಾರ ಎತ್ತುವುದು. ಎಂಆರ್‌ಐ ತೆಗೆದು ನೋಡಿದರೆ ಹೃದಯಕ್ಕಂಟಿದ ಕೊಬ್ಬು ಮೊದಲ ಗುಂಪಿನಲ್ಲಿ ಶೇ 32, ಎರಡನೆಯದರಲ್ಲಿ ಶೇ 24 ಇಳಿದಿತ್ತು. ಚೀಲದ ಹೊರಗಿನ ಕೊಬ್ಬು ಇಳಿದದ್ದು ಭಾರ ಎತ್ತಿದವರಲ್ಲಿ ಮಾತ್ರ, ಶೇ 31. ಪ್ರಯೋಗ ಚಿಕ್ಕದು, 50 ಜನರದ್ದು. ಆದರೂ ಮೂರು ತಿಂಗಳಲ್ಲಿ ಇಷ್ಟು! ಹಾಗಾಗಿ ವಾಕಿಂಗ್ ಜೊತೆ ಸ್ವಲ್ಪ ಭಾರವೂ ಸೇರಲಿ. ಜಿಮ್ಮೇ ಬೇಕಿಲ್ಲ. ಬೈಠಕ್, ಗೋಡೆಗೆ ಕೈಕೊಟ್ಟು ದಂಡ, ತುಂಬಿದ ಎರಡು ಕೊಡ. ಎದೆನೋವು, ಸ್ಟೆಂಟ್, ಹೆಚ್ಚು ಬಿಪಿ ಇದ್ದವರು ಕೇಳಿಯೇ ಶುರು ಮಾಡಬೇಕು. ಭಾರ ಎತ್ತುವಾಗ ಯಾರೂ ಉಸಿರು ಕಟ್ಟಬಾರದು.

ಏಪ್ರಿಲ್, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ. ಏಳು ಗಂಟೆಯೊಳಗೆ ಮುಗಿಸಿ.

ಮನೆಗೆಲಸ ಮಾಡುತ್ತೇನೆ, ಮತ್ತೆ ವ್ಯಾಯಾಮ ಯಾಕೆ?

ಅಕ್ಕಂದಿರ ಪ್ರಶ್ನೆ ಇದು. ಇಡೀ ದಿನ ದುಡಿಯುತ್ತೀರಿ, ಸುಸ್ತಾಗುತ್ತೀರಿ, ನಿಜ. ಆದರೆ ಒಲೆ ಮುಂದೆ ಒಂದು ತಾಸು ಕೂತು ರೊಟ್ಟಿ ಬಡಿದರೆ ಭುಜ ನೋಯುತ್ತದೆ, ಹೃದಯದ ಬಡಿತ ಅಷ್ಟಾಗಿ ಏರುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಕೊಬ್ಬು ಸೊಂಟ ತೊಡೆ ಬಿಟ್ಟು ಹೊಟ್ಟೆಯೊಳಗೆ ಸೇರಲು ಶುರುವಾಗುತ್ತದೆ. ಪಂಪಿಂಗ್ ಸರಿ ಇದ್ದೂ ಬರುವ ಹಾರ್ಟ್ ಫೇಲ್ಯೂರ್ ಹೆಂಗಸರಲ್ಲೇ ಜಾಸ್ತಿ. ನನ್ನ ಅನುಭವದಲ್ಲಿ ಗಂಡಸರನ್ನು ಹೆಂಡತಿ ಎಳೆದುಕೊಂಡು ಬರುತ್ತಾಳೆ, ಹೆಂಗಸರು ತಾವಾಗಿ ಬರುವ ಹೊತ್ತಿಗೆ ಪಾದ ಊದಿರುತ್ತದೆ. ಊಟ ಎಲ್ಲರದಾದ ಮೇಲೆ ಉಳಿದ ಅನ್ನ ಚೆಲ್ಲಬಾರದು ಅಂತ ತಿನ್ನುವುದನ್ನು ಮೊದಲು ನಿಲ್ಲಿಸಿ.

ಗೊರಕೆಗೂ ಹೃದಯಕ್ಕೂ ಏನು ಸಂಬಂಧ?

ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಂಡರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಕುತ್ತಿಗೆಯ ಕೊಬ್ಬು ಮಲಗಿದಾಗ ಗಂಟಲಿನ ದಾರಿ ಮುಚ್ಚುತ್ತದೆ. ರಾತ್ರಿಯಿಡೀ ಆಮ್ಲಜನಕ ಇಳಿಯುತ್ತದೆ, ಬಿಪಿ ಏರುತ್ತದೆ. ಮೂರು ಗುಳಿಗೆ ನುಂಗಿದರೂ ಬಿಪಿ ಹಿಡಿತಕ್ಕೆ ಬಾರದವರಲ್ಲಿ ಎಷ್ಟೋ ಸಲ ಕಾರಣ ಇದೇ. ಕಾಯಿಲೆ ಗೊತ್ತಿರುವುದು ಪಕ್ಕದಲ್ಲಿ ಮಲಗುವವರಿಗೆ. ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಆಪರೇಷನ್ ಮಾಡಿ ಆ ಕೊಬ್ಬು ತೆಗೆಯಬಹುದಾ?

ಹೃದಯದ ಮೇಲಿನದ್ದನ್ನು ಕೆರೆದು ತೆಗೆಯುವ ಚಿಕಿತ್ಸೆ ಇಲ್ಲ. ಲೈಪೋಸಕ್ಷನ್ ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ ಎಳೆಯುತ್ತದೆ. 2004ರ ಒಂದು ಅಧ್ಯಯನದಲ್ಲಿ ಹಾಗೆ ಸುಮಾರು 10 ಕಿಲೋ ಕೊಬ್ಬು ತೆಗೆದರೂ ಬಿಪಿ, ಶುಗರ್, ಕೊಲೆಸ್ಟ್ರಾಲ್ ಸುಧಾರಿಸಲಿಲ್ಲ. ಜಠರ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಸರ್ಜರಿ ಬೇರೆ. ಅದರಿಂದ ತೂಕ ಇಳಿದಾಗ ಹೃದಯದ ಕೊಬ್ಬೂ ಇಳಿಯುತ್ತದೆ. ತುಂಬಾ ಬೊಜ್ಜು ಇದ್ದವರು ತಜ್ಞರ ಜೊತೆ ಕೂತು ಮಾತಾಡಬೇಕಾದ ವಿಷಯ ಅದು.

ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಂತಲ್ಲ?

ಬಂದಿದೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್. ವಾರಕ್ಕೊಂದು ಚುಚ್ಚುಮದ್ದು. ತೂಕ ಇಳಿಸಲೆಂದು ಇವು ಭಾರತದ ಮಾರುಕಟ್ಟೆಗೆ ಬಂದದ್ದು 2025ರಲ್ಲಿ. 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದು ಶುಗರ್ ಇಲ್ಲದ 17,604 ದಪ್ಪ ಮೈಯವರಲ್ಲಿ, ಸೆಮಾಗ್ಲುಟೈಡ್ ತಗೊಂಡವರಿಗೆ ಹಾರ್ಟ್ ಅಟ್ಯಾಕ್, ಲಕ್ವಾ, ಹೃದಯದ ಸಾವು ಒಟ್ಟಿನಲ್ಲಿ ಶೇ 20 ಕಡಿಮೆಯಾಯಿತು. ಸಣ್ಣ ಮಾತಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆಗಳೂ ಇವೆ. ಶುಗರಿಗೆ ಅಂತ ಬಂದವು, ಈಗ ಹಾರ್ಟ್ ಫೇಲ್ಯೂರಿಗೂ ಕೊಡುತ್ತಾರೆ.

ಆದರೆ ಇಂಜೆಕ್ಷನ್ ನಿಲ್ಲಿಸಿದರೆ ಇಳಿದ ತೂಕದಲ್ಲಿ ಬಹುಪಾಲು ಮತ್ತೆ ಏರುತ್ತದೆ. ವಾಂತಿ, ಭೇದಿ, ಪಿತ್ತಕೋಶದ ಕಲ್ಲು ಬರಬಹುದು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೆಡಿಕಲ್ ಅಂಗಡಿಯ ಪರಿಚಯದವರನ್ನು ಕೇಳಿ ಚುಚ್ಚಿಕೊಳ್ಳುವ ಮದ್ದು ಇದಲ್ಲ.

ಎಷ್ಟು ಇಳಿಸಿದರೆ ಹೃದಯಕ್ಕೆ ಲಾಭ?

80 ಕಿಲೋ ಇದ್ದವರು 4 ಕಿಲೋ ಇಳಿಸಿದರೆ ಬಿಪಿ, ಶುಗರ್, ಟ್ರೈಗ್ಲಿಸರೈಡ್ ಕದಲಲು ಶುರು. 8 ಕಿಲೋ ಇಳಿಸಿ ಕಾಯ್ದುಕೊಂಡರೆ ಇನ್ನೂ ಒಳ್ಳೆಯದು. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಬಡಿತ ತಾಳ ತಪ್ಪಿದವರನ್ನು ಹಲವು ವರ್ಷ ನೋಡಿ 2015ರಲ್ಲಿ ಹೇಳಿದ್ದು ಇದು: ಶೇ 10ರಷ್ಟು ತೂಕ ಇಳಿಸಿ ಹಿಡಿದಿಟ್ಟವರಲ್ಲಿ ಬಡಿತ ತಾಳಕ್ಕೆ ಬಂದು ನಿಲ್ಲುವ ಸಾಧ್ಯತೆ ಆರು ಪಟ್ಟು. ತೂಕ ಇಳಿದು ಮತ್ತೆ ಏರುತ್ತಾ ಇದ್ದವರಲ್ಲಿ ಆ ಲಾಭ ಕಡಿಮೆಯಾಯಿತು.

ಮೊದಲ ವಾರಗಳಲ್ಲಿ ತೂಕದ ಯಂತ್ರ ಕದಲದೇ ಇರಬಹುದು. ಬೇಸರ ಬೇಡ. ಹೊಟ್ಟೆಯೊಳಗಿನ ಕೊಬ್ಬು ಚರ್ಮದ ಕೆಳಗಿನದ್ದಕ್ಕಿಂತ ಬೇಗ ಕರಗುತ್ತದೆ. ಅದಕ್ಕೇ ನಾನು ಟೇಪ್ ಹಿಡಿಯಿರಿ ಅನ್ನುವುದು.

ಎಕೋಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ಬೇಡ. ಸಾಮಾನ್ಯ ಎಕೋಗೆ ಊಟ ಮಾಡಿ ಬರಬಹುದು, ಬಿಪಿ ಗುಳಿಗೆಯನ್ನೂ ನುಂಗಿ ಬನ್ನಿ. ಮುಂದೆ ಗುಂಡಿ ಇರುವ ಅಂಗಿ, ಕುಪ್ಪಸ ಇದ್ದರೆ ಅನುಕೂಲ. ಪರದೆ ಇರುತ್ತದೆ, ಸಂಕೋಚ ಬೇಡ. ಹಳೆಯ ರಿಪೋರ್ಟ್ ಮಾತ್ರ ಮರೆಯದೆ ತನ್ನಿ. ಹೃದಯದ ಗೋಡೆ ಹೋದ ವರ್ಷ 11 ಮಿಲಿಮೀಟರ್ ದಪ್ಪ ಇತ್ತೋ 13 ಇತ್ತೋ ಅಂತ ಪಕ್ಕಕ್ಕಿಟ್ಟು ನೋಡಿದಾಗಲೇ ಈ ವರ್ಷದ ಅಂಕಿಗೆ ಅರ್ಥ.

ಎದೆ ಉರಿ ಬಂದಿದೆ. ಗ್ಯಾಸೋ ಹಾರ್ಟೋ ಅಂತ ತಿಳಿಯಲು ಎಕೋ ಮಾಡಿಸಲಾ?

ಈಗಲೇ ನೋವು ಇದ್ದರೆ ಎಕೋಗೆ ಬರಬೇಡಿ. ಎದೆಯ ನಡುವೆ ಒತ್ತಿದ ಹಾಗೆ ನೋವು, ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು, ವಾಂತಿ ಬಂದ ಹಾಗೆ. ಹೆಂಗಸರಲ್ಲಿ, ಶುಗರ್ ಇದ್ದವರಲ್ಲಿ ನೋವೇ ಇಲ್ಲದೆ ಬರೀ ದಮ್ಮು, ವಿಪರೀತ ಸುಸ್ತು ಇರಬಹುದು. ಸೋಡಾ ಕುಡಿದು, ಓಮಿನ ಕಾಳು ಅಗಿದು ಕಾಯುತ್ತಾ ಕೂರುವುದರಲ್ಲೇ ಬೆಲೆಬಾಳುವ ತಾಸುಗಳು ಹೋಗುತ್ತವೆ. 108ಕ್ಕೆ ಫೋನ್ ಮಾಡಿ. ತಾನೇ ಬೈಕ್ ಓಡಿಸಿಕೊಂಡು ಹೋಗಬಾರದು. ದೊಡ್ಡ ದವಾಖಾನೆಗೇ ಹೋಗಬೇಕು ಅಂತ ಬೆಳಗಾವಿಗೋ ಹುಬ್ಬಳ್ಳಿಗೋ ಗಾಡಿ ತಿರುಗಿಸುವ ಮುಂಚೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ಹಾರ್ಟ್ ಅಟ್ಯಾಕ್ ಖಚಿತವಾಗಿ, ಇಂಜೆಕ್ಷನ್ ಕೊಡಬಹುದು ಅಂತ ತಜ್ಞರು ಹೇಳಿದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅಲ್ಲೇ ಉಚಿತ. ಅದನ್ನು ಹಾಕಿಸಿಕೊಂಡು ಮುಂದಿನ ಊರಿಗೆ ಹೊರಡಿ. ನನ್ನ ಹತ್ತಿರ ಆಮೇಲೆ ಬನ್ನಿ, ಹಳೆಯ ರಿಪೋರ್ಟ್ ಜೊತೆಗೆ.